ಹೆಡ್ಡಿನ ಎರಡನೇ ಗುರುತು

ನಾನು ಬಾಡಿಗೆ ಕಾರಿನ ಚಾಲಕ, ಗಾಡಿ ಸ್ವಂತದ್ದು, ವಯಸ್ಸು ನಲವತ್ತಮೂರು, ಓದು ಏಳನೇ ತರಗತಿ ಅರ್ಧಕ್ಕೆ ಬಿಟ್ಟದ್ದು, ವಾಸ ಹಿಟ್ಟಿನ ಗಿರಣಿಯ ಹಿಂದಿನ ಓಣಿ. ಖುದ್ದಾಗಿ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ,

ಮೊದಲು ಕನಸಿನ ವಿಷಯ. ಅದು ಬೇಡ ಎಂದು ತಾವು ಹೇಳಿದರೂ ಬರೆದುಕೊಳ್ಳಬೇಕು, ಗುರುತು ಹಾಕಿದ್ದು ಅದರಿಂದಲೇ. ಕಳೆದ ತಿಂಗಳು ಹತ್ತನೇ ತಾರೀಖು ಬೆಳಗಿನ ಜಾವ, ನನ್ನ ಕಾರಿನ ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನೇ ಇಲ್ಲದೆ ಯಾರದೋ ಹಳೇ ಚಪ್ಪಲಿಗಳು ತುಂಬಿರುವಂತೆ ಕನಸು ಬಿತ್ತು. ಅದೇ ದಿನ ಕಾರಿನ ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಲೋಹದ ಮುಚ್ಚಳ, ಬಿಚ್ಚಿಸುವುದಿತ್ತು.

ಕಾರು ಮೂರೂವರೆ ಲಕ್ಷ ಕಿಲೋಮೀಟರ್ ದಾಟಿದೆ. ರೇಡಿಯೇಟರ್ ಸುಮ್ಮನೆ ನೀರು ಕುಡಿಯುತ್ತಿತ್ತು, ಹಿಂದಿನಿಂದ ಬಿಳಿ ಹೊಗೆ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮೆಕ್ಯಾನಿಕ್. ಅವನ ಶೆಡ್ಡಿಗೆ ಒಯ್ದೆ. ಅಲ್ಲಿ ಅವನ ಸ್ವಂತ ಕಾರು, ಅದೂ ಇದೇ ಮಾದರಿಯದು, ಇಂಜಿನ್ ಕಾದು ಕೆಟ್ಟು ಐದಾರು ತಿಂಗಳಿಂದ ಇಟ್ಟಿಗೆ ಮೇಲೆ ನಿಂತಿತ್ತು.

ಇಂಜಿನ್ ತಣ್ಣಗಾಗುವ ತನಕ ಅವನು ಬೋಲ್ಟ್ ಮುಟ್ಟಲಿಲ್ಲ. ಬಿಸಿಯಲ್ಲಿ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ ಎಂದು ಅವನೇ ಹೇಳಿದ. ಅಂಚಿನಿಂದ ನಡುವಿಗೆ ಒಂದೊಂದು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ತೆಗೆದದ್ದನ್ನು ರಟ್ಟಿನ ತೂತುಗಳಲ್ಲಿ ಅದೇ ಸಾಲಿಗೆ ಸಿಕ್ಕಿಸಿಟ್ಟ. ಅವನ ಕೈಕೆಲಸಕ್ಕೆ ನಾನು ಹೆಸರಿಡುವುದಿಲ್ಲ. ಹೆಡ್ಡನ್ನು ಬೆಂಚಿನ ಮೇಲಿಟ್ಟು, ಉಕ್ಕಿನ ಪಟ್ಟಿ ಅಡ್ಡ ಹಿಡಿದು ಸಮವಿದೆಯೇ ಎಂದು ನೋಡಿ, ಹೆಡ್ ಬಂಗಾರದಂಗಿದೆ ತಮ್ಮಾ, ಸುಟ್ಟಿರೋದು ಅದರಡಿಯ ಗ್ಯಾಸ್ಕೆಟ್ ಹಾಳೆ ಅಷ್ಟೇ ಎಂದ.

ಅವನು ಟೀಗೆ ಹೋದಾಗ ಕನಸು ನೆನಪಾಗಿ, ಅದಲುಬದಲಾಗದಿರಲಿ ಎಂದು ನನ್ನ ಚಪ್ಪಲಿಗೆ ಹಾಕಿಕೊಳ್ಳುವ ಹಾಗೆಯೇ, ಹೆಡ್ಡಿನ ಹಿಂಬದಿಗೆ ಮೊಳೆಯಿಂದ ಇಂಟು ಮಾರ್ಕ್ ಹಾಕಿದೆ. ಹಾಕಿದ ಮೇಲೆ, ಇದು ಯಾರ ಕಣ್ಣಿಗಾದರೂ ಬಿದ್ದು ಅಂಥದ್ದೇ ಇನ್ನೊಂದು ಹಾಕಿಬಿಟ್ಟರೆ ಎನಿಸಿತು. ಅದಕ್ಕೇ ಮೂರನೇ ಸಿಲಿಂಡರಿಗೆ ಗಾಳಿ ಹೋಗುವ ತೂತಿನ ಒಳಗೆ, ಒಂದು ಬೆರಳು ಆಳದಲ್ಲಿ, ಎರಡು ಗೀಟು ಕೆರೆದು, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮೂರು ದಿನ ಬಿಟ್ಟು ಗಾಡಿ ಕೊಟ್ಟ. ಆ ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಷಡ್ಡಕನು ನನ್ನ ಹೆಂಡತಿಗೆ, ನಿನ್ನ ಗಂಡ ಚಪ್ಪಲಿಗೂ ಇಂಟು ಮಾರ್ಕ್ ಹಾಕ್ತಾನೆ, ಹೆಡ್ಡಿಗೂ ಹಾಕ್ತಾನೆ, ನಿನ್ನ ಬೆನ್ನಿಗೂ ಹಾಕಿದಾನೇನೋ ಕನ್ನಡೀಲಿ ನೋಡ್ಕೊಳಮ್ಮಾ ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅವನು ಅಂದು ಬಂದದ್ದು ಇಟ್ಟಿಗೆ ಮೇಲಿದ್ದ ಅದೇ ಕಾರಿನಲ್ಲಿ.

ವಾರ ಕಳೆಯುವುದರೊಳಗೆ ಏರು ರಸ್ತೆಯಲ್ಲಿ ನನ್ನ ಗಾಡಿ ಮತ್ತೆ ಹೊಗೆ ಬಿಟ್ಟು ನಿಂತಿತು. ಗಿರಾಕಿ ಇಳಿದು, ಇಂಥ ಗಾಡಿ ಯಾಕ್ರೀ ರಸ್ತೆಗೆ ತರ್ತೀರಿ ಎಂದು ಬೈದು ಬೇರೆ ಕಾರು ಹತ್ತಿದರು. ಷಡ್ಡಕನನ್ನು ಕೇಳಿದರೆ, ಮುದುಕಿ ಗಾಡಿ ತಮ್ಮಾ, ಕೆಮ್ಮದೆ ಇರುತ್ತಾ ಎಂದ. ಬಸ್ ನಿಲ್ದಾಣದ ಹಿಂದಿನ ಲೇತ್ ಕೆಲಸದವರಿಂದ ಬಿಚ್ಚಿಸಿದೆ. ಹೆಡ್ಡಿನಲ್ಲಿ ಎರಡು ವಾಲ್ವ್ ನಡುವೆ ಕೂದಲೆಳೆಯಷ್ಟು ಬಿರುಕು, ಹಳೆಯದು, ಒಳಗೆಲ್ಲ ಕಪ್ಪು ಕೂತಿತ್ತು. ಹಿಂಬದಿಯಲ್ಲಿ ಇಂಟು ಮಾರ್ಕ್ ಇದೆ. ತೂತಿನಲ್ಲಿ ಎರಡು ಗೀಟು ಇಲ್ಲ. ನನ್ನ ಹೆಡ್ಡನ್ನು ತಾನಿಟ್ಟುಕೊಂಡು, ತನ್ನ ಒಡಕು ಹೆಡ್ಡಿಗೆ ನನ್ನ ಗುರುತನ್ನೇ ಹಾಕಿ ನನಗೆ ಕೂರಿಸಿ, ಆಮೇಲೆ ಅದನ್ನೇ ಹೇಳಿ ನಗಿಸಿದ್ದಾನೆ.

ಹೆಂಡತಿಯೂ ಅವಳ ಅಕ್ಕನೂ ಕಾಲು ಹಿಡಿದರು. ಮನೆ ಮರ್ಯಾದೆ ಬೀದಿಗೆ ತರಬೇಡಪ್ಪಾ ಎಂದು ಅತ್ತೆ ಕೇಳಿಕೊಂಡರು. ನಗುವಾಗ ಆ ಮರ್ಯಾದೆ ಎಲ್ಲಿತ್ತು ಎಂದೆ. ನನಗೆ ರಾಜಿ ಬೇಡ, ಹೊಸ ಹೆಡ್ಡೂ ಬೇಡ. ಅವನ ಕಾರನ್ನು ಅತ್ತೆಯ ಮನೆ ಮುಂದೆಯೇ, ಅಂದು ನಕ್ಕವರೆಲ್ಲ ನಿಂತು ನೋಡುವಾಗ, ಅವನ ಕೈಯಿಂದಲೇ ಬಿಚ್ಚಿಸಬೇಕು. ತೂತಿನೊಳಕ್ಕೆ ಅವನೇ ಬೆರಳು ಹಾಕಿ ಗೀಟು ಎಣಿಸಬೇಕು. ಆಗ ಅವನ ಮುಖವನ್ನು ನಾನು ಹತ್ತಿರದಿಂದ ನೋಡಬೇಕು. ಅವನ ಕಾರು ಮತ್ತೆ ಇಟ್ಟಿಗೆ ಮೇಲೆ ನಿಲ್ಲಬೇಕು.

ಮೇಲಿನದೆಲ್ಲವನ್ನೂ ಎರಡು ಸಲ ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಹೇಳಿದ್ದು ನಿಜವಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳು ನಾಲ್ಕು
ದೂರುದಾರನ ಸಹಿ

ಸಹಿಯ ನಂತರ ಸೇರಿಸಿದ್ದು: ಬಿಚ್ಚಿಸುವ ಮೊದಲು ಇಂಜಿನ್ ತಣ್ಣಗಾಗಿದೆಯೇ ಎಂದು ತಾವೇ ಕೈಯಿಟ್ಟು ಇನ್ನೊಮ್ಮೆ ನೋಡಬೇಕಾಗಿ ವಿನಂತಿ. ಅವನು ಬೇಕೆಂದೇ ಬಿಸಿಯಲ್ಲಿ ಬಿಚ್ಚಿಯಾನು. ಸೊಟ್ಟಗಾದರೆ ಆಗುವುದು ನನ್ನ ಹೆಡ್ಡು.