ಕಾಯುವ ಗುಂಪಿನ ಹುಡುಗಿ

ಒಂದಾನೊಂದು ಊರಿನಲ್ಲಿ ಉಬ್ಬುಹಲ್ಲಿನ ಹುಡುಗಿಯೊಬ್ಬಳಿದ್ದಳು. ಅವಳನ್ನು ಸಂಶೋಧನೆಗೆ ಕೊಡುತ್ತೇನೆಂದು ತಾಯಿ ವೈದ್ಯರಿಗೆ ಮಾತು ಕೊಟ್ಟಿದ್ದಳು. ನನ್ನಜ್ಜಿಯಾಗಿದ್ದರೆ ಈ ಕತೆಯನ್ನು ಹೀಗೆ ಶುರುಮಾಡುತ್ತಿದ್ದಳು. ನಾನು ಕೇಳಿದ್ದು ಹುಬ್ಬಳ್ಳಿಯ ದಂತ ಆಸ್ಪತ್ರೆಯ ಬೆಂಚಿನಲ್ಲಿ. ಪಕ್ಕದಲ್ಲಿ ಬೆಂಗೇರಿಯ ಬಾಳವ್ವ, ಹೈಸ್ಕೂಲು ಓದುವ ಮಗಳು ವಾಣಿಶ್ರೀ. ಮಗಳ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು.

“ಇವತ್ತ ಹಲ್ಲಿಗೆ ತಂತಿ ಹಾಕ್ತಾರವಾ. ಒಂದೀಟು ನಗು.”

“ಮುರದ ಮ್ಯಾಲೆ ಹಾಕ್ತಾರ. ಸಂಶೋಧನಾದಾಗಿನ ಅರ್ಧಾ ಹುಡುಗ್ರಿಗೆ ಸಣ್ಣವರಿದ್ದಾಗನ ಹಾಕಿದ್ರು. ನಮಗ ಮಾತ್ರ ದೊಡ್ಡವರಾಗೂತನಾ ಕಾಯ್ರಿ ಅಂದ್ರು.”

“ಚೀಟಿ ಎತ್ತಿ ಗುಂಪು ಮಾಡಿದ್ರು. ಡಾಕ್ಟರ ನಿನ್ನ ವೈರಿ ಏನ? ಸಣ್ಣವರಿದ್ದಾಗ ಹಾಕೂದು ಛಲೋನೋ, ದೊಡ್ಡವರಾದ ಮ್ಯಾಲೋ ಅಂತ ಅವರಿಗೂ ಗೊತ್ತಿರಲಿಲ್ಲ.”

“ಈಗ ಗೊತ್ತಾತಲ್ಲ! ಕಾದವರ ಹಲ್ಲ ಹೆಚ್ಚು ಮುರದಾವಂತ. ಖೋಖೋದಾಗ ಬಿದ್ದು ನಾನೂ ಅವರ ಲೆಕ್ಕಕ್ಕ ಜಮಾ ಆದ್ನಿ.”

“ಹಂಗನಬ್ಯಾಡ.”

“ಬ್ಯಾಡಾದ್ರ ಸಂಶೋಧನಾ ಯಾವಾಗರ ಬಿಡ್ರಿ, ಬ್ಯಾರೆ ಕಡೆ ತಂತಿ ಹಾಕಸ್ರಿ ಅಂತ ಡಾಕ್ಟರ ಹೇಳಿದ್ರು. ಬಿಡಸು ಅಂತ ನಿನ್ನ ಮುಂದ ಎಷ್ಟ ಅತ್ತೇನಿ ನಾ?”

“ವಿಭೂತಿ ಹಚ್ಚಿದ ಕೈಲೆ ಸಹಿ ಮಾಡಿದ್ನಿ. ಮಾತಿಗೆ ತಪ್ಪೂದು ಹೆಂಗ?”

“ಮಾತು ನಿಂದು ಯವ್ವಾ. ಹಲ್ಲು ನಂದು.”

ಅಷ್ಟರಲ್ಲಿ ವಾಣಿಶ್ರೀಯನ್ನು ಒಳಗೆ ಕರೆದರು; ಬಾಳವ್ವ ಬೆಂಚಿನಲ್ಲೇ ಉಳಿದಳು. ಬಹಳ ಹೊತ್ತಿನ ಮೇಲೆ ವಾಣಿಶ್ರೀ ಹೊರಬಂದಳು.

“ಹಾಕಿದ್ರ? ತೋರ್ಸವಾ, ನೋಡೂಣು.”

ವಾಣಿಶ್ರೀ ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ಹೋಗಿ, ತಾಯಿಗೆ ಬೆನ್ನು ಮಾಡಿ, ಬಾಯಿ ತೆರೆದು ತಂತಿಯನ್ನು ನೋಡಿಕೊಂಡಳು. ಆಮೇಲೆ ತುಟಿ ಬಿಗಿದು ಮೆಟ್ಟಿಲಿಳಿದಳು. ಬಾಳವ್ವ ಚೀಲ ಎತ್ತಿಕೊಂಡು ಹಿಂದೆಯೇ ಹೋದಳು.