ಜೋಳದೊಳಗಿನ ಸೈಟು

ಕೊಟ್ಟೂರಿನ ಬಸ್ಸಿನಲ್ಲಿ ನನ್ನ ಮುಂದೆ ಪಾತ್ರೆ ಅಂಗಡಿ ಹಾಲೇಶಪ್ಪ, ಮೆಕ್ಯಾನಿಕ್ ರಾಜಾಸಾಬ್ ಕೂತಿದ್ದರು.

“ಸಾಬ್ರ, ಊರಂಚಿನ ಸೈಟು ಖಾಲಿ ಬಿಟ್ರ ತೆರಿಗಿ ದುಪ್ಪಟ್ಟು, ಬೆಳಿ ಇಟ್ರ ಅರ್ಧ ಅಂದ್ರು ಪುರಸಭೆಯೋರು. ಜೋಳ ಬಿತ್ತಿಸಿಬಿಟ್ಟೆ.”

“ಅಷ್ಟು ಸಣ್ಣ ಸೈಟಿನಾಗ ಟ್ರ್ಯಾಕ್ಟರ್ ಹೆಂಗ ತಿರುಗಿತು, ಹಾಲೇಶಣ್ಣ?”

“ಎಲ್ಲಿ ತಿರುಗತೈತಿ? ಟ್ರ್ಯಾಕ್ಟರಿನಾವ ಇಡೀ ಲೇಔಟು ಹೊಡದುಬಿಟ್ಟ.”

“ಗಡಿಕಲ್ಲು?”

“ಕಿತ್ತು ಬೇವಿನ ಗಿಡದ ಬುಡಕ ಒಟ್ಟ್ಯಾನ.”

“ಉಳಿದ ಸೈಟಿನೋರು ಬಡಿಯಾಕ ಬರಲಿಲ್ಲೇನು?”

“ಬಂದಿದ್ರು. ಅವರ ತೆರಿಗೀನೂ ಅರ್ಧ ಆತಲ್ಲ, ಚಾ ಕುಡಿಸಿ ಹೋದ್ರು.”

“ಅದಿರಲಿ, ನನಗ ಮಾರತೀನಿ ಅಂದ ಸೈಟು ಎಲ್ಲೈತ್ರಿ?”

ಬಸ್ಸು ನಿಂತಿತು. ಆಚೆ ಆಳೆತ್ತರದ ಜೋಳ ಕಣ್ಣು ಹಾಯುವಷ್ಟು ದೂರ ತೂಗುತ್ತಿತ್ತು. ಹಾಲೇಶಪ್ಪ ಎದ್ದು ಪಂಚೆ ಎತ್ತಿ ಕಟ್ಟಿದ.

“ಇದರಾಗ ಎಲ್ಲೋ ಐತಿ. ಇಳೀರಿ, ಹುಡುಕೋಣು.”