ನಿಮಿಷಕ್ಕೆ ನಲವತ್ತಾರೇ ಬಡಿತ

ಹಲೋ... ಯಾರು ಮಾತಾಡೋದು? ಮಂದಾಕಿನಿಬಾಯಿ ಶಿರ್ಕೆಯವರಾ? ಸಾತಾರಾ ಅಲ್ವಾ?... ಹಾಂ, ನಾನು ಸಾಂಗ್ಲಿಯಿಂದ, ಕುಮುದಿನಿ. ಭಾನುವಾರ ನಮ್ಮ ಪ್ರಾಜಕ್ತಾನ ನೋಡೋಕೆ ಬಂದಿದ್ರಲ್ಲ, ಅವಳ ಸೋದರತ್ತೆ. ಬೇಡ ಬೇಡ ಅಂದ್ರೂ ನಿಮ್ಮ ತಟ್ಟೆಗೆ ಎರಡನೇ ಸಲ ಅವಲಕ್ಕಿ ಪೋಹೆ ಹಾಕಿದೆನಲ್ಲ, ಅವಳೇ.

...ಎಲ್ಲ ಆರಾಮ. ನೀವು ತಂದ ಪೇಡೆ ಆವತ್ತೇ ಖಾಲಿ.

...ಇಲ್ಲ ಇಲ್ಲ, ಒಪ್ಪಿಗೆ ಹೇಳೋಕಲ್ಲ. ಅದಕ್ಕೆ ಮುಂಚೆ ಒಂದು ಮಾತು ಕೇಳೋದಿದೆ. ಬೇಜಾರು ಮಾಡ್ಕೋಬಾರದು. ನಿಮ್ಮ ಅಜಿಂಕ್ಯನಿಗೆ ಹೃದಯದ ಕಾಯಿಲೆ ಏನಾದ್ರೂ ಇದೆಯಾ?

...ಅಲ್ಲ, ಸಿಟ್ಟಾಗ್ಬೇಡಿ. ಹುಡುಗನಿಗೆ ನೀರು ಕೊಡೋಕೆ ಬಗ್ಗಿದೆ ನೋಡಿ, ಆಗ ಅವನ ವಾಚು ಕಣ್ಣಿಗೆ ಬಿತ್ತು. ಹೃದಯದ ಚಿತ್ರ, ಪಕ್ಕದಲ್ಲಿ ನಲವತ್ತಾರು. ಎದೆಬಡಿತ ರೀ ಅದು! ನಿಮಿಷಕ್ಕೆ ನಲವತ್ತಾರೇ! ನನ್ನದು ಎಪ್ಪತ್ತೆಂಟು, ಪ್ರಾಜಕ್ತಾನ ಅಪ್ಪ, ನಮ್ಮ ದಿನಕರಣ್ಣನದು ಎಂಬತ್ತು. ಪಕ್ಕದ್ಮನೆ ಕಾಂಪೌಂಡರ್‌ನ ಕೇಳಿದೆ. ಅರವತ್ತರ ಕೆಳಗೆ ಇಳೀಬಾರದು ಅಂದ.

...ಓಡ್ತಾನಾ? ದಿನಾ ಬೆಳಿಗ್ಗೆ ಕೋಟೆ ಹತ್ತಿ ಇಳೀತಾನಾ? ಸರಿ, ಅದಕ್ಕೂ ಇದಕ್ಕೂ ಏನು ಸಂಬಂಧ?

...ಓಡೋರ ಎದೆ ಗಟ್ಟಿಯಾಗಿರುತ್ತೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ದೂಡುತ್ತೆ, ಅದಕ್ಕೆ ಕಮ್ಮಿ ಬಡಿದ್ರೂ ಸಾಕು... ಹಾಂ ಹಾಂ. ಇದನ್ನೆಲ್ಲ ಹೇಳಿದ್ದು ಯಾರು, ಅವನೇನಾ? ಚೆನ್ನಾಗಿದೆ! ವಾಚೂ ಅವನದೇ, ಪುರಾಣನೂ ಅವನದೇ.

...ಅದೂ ಇರಲಿ. ಪ್ರಾಜಕ್ತಾ ಒಳಗಿಂದ ಬಂದಳಲ್ಲ, ಹಸಿರು ಪೈಠಣಿ ಸೀರೆ ಉಟ್ಟು, ಮೂಗಿಗೆ ನತ್ತು ಹಾಕಿ? ತಟ್ಟೆ ತಗೊಳ್ಳೋಕೆ ನಿಮ್ಮ ಹುಡುಗ ಕೈ ಎತ್ತಿದ, ವಾಚು ಮತ್ತೆ ಬೆಳಗಿತು. ನಲವತ್ತೇಳು! ಒಂದೇ ಒಂದು ಏರಿತು, ಮಂದಾಕಿನಿಬಾಯಿ! ಮದುವೆ ಗಂಡು ರೀ ಅವನು. ಬಸ್ಸಿಗೆ ಕಾಯ್ತಾ ಕೂತ ಹಾಗೆ ಕೂತಿದ್ದ.

...ನಗಬೇಡಿ. ನನಗೆ ನಗು ಬರಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನನ್ನದು ಹಾಗೇ ಆದ ಮದುವೆ. ನಮ್ಮೆಜಮಾನರಿಗೆ ಹುಟ್ಟಿದಾಗಿನಿಂದ ಎದೆ ಸರಿ ಇರಲಿಲ್ಲ. ಅವರ ಮನೆಯೋರಿಗೆಲ್ಲ ಗೊತ್ತಿತ್ತು, ಪಾತ್ರೆ ತೊಳೆಯೋಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಮಗೊಬ್ಬರಿಗೇ. ನಾಲ್ಕನೇ ವರ್ಷ ಹೋಗಿಬಿಟ್ರು. ನನಗಾಗ ಇಪ್ಪತ್ತಾರು. ಆವತ್ತಿಂದ ಅಣ್ಣನ ಮನೇಲೇ ಇದೀನಿ, ಈ ಹುಡುಗೀನ ಎತ್ತಿ ಆಡಿಸಿದ್ದು ನಾನೇ. ನನಗಾದದ್ದು ಅವಳಿಗಾಗಬಾರದು. ರೋಗ ಮುಚ್ಚಿಟ್ಟು ಸಂಬಂಧ ಬೆಳೆಸೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ.

...ಏನಂದ್ರಿ? ಇಸಿಜಿ ಮಾಡಿಸಿದೀರಾ? ಯಾವಾಗ?... ಎಕೋನೂ ಆಗಿದೆಯಾ? ಓಡೋರಲ್ಲಿ ಇದು ಇದ್ದದ್ದೇ, ಏನೂ ತೊಂದರೆ ಇಲ್ಲ ಅಂತ ಡಾಕ್ಟರು ಬರೆದೇ ಕೊಟ್ಟಿದ್ದಾರಾ? ಅಯ್ಯೋ, ಇದನ್ನ ಮೊದಲೇ ಹೇಳಬಾರದಾ! ಕಳಿಸಿ, ಮೊಬೈಲಿಗೆ ಕಳಿಸಿ.

...ಹಾಂ, ಬಂತು ಬಂತು. ಹೊಟ್ಟೆಗೆ ಹಾಲು ಹೊಯ್ದಂಗಾಯ್ತು, ಬೀಗಿತ್ತಿಯವರೇ! ಇನ್ನೇನು, ನಿಶ್ಚಿತಾರ್ಥಕ್ಕೆ, ಸಕ್ಕರೆ ಪೊಟ್ಟಣದ ಶಾಸ್ತ್ರಕ್ಕೆ ಒಂದು ಒಳ್ಳೇ ದಿನ ನೋಡಿ.

...ನೀವೂ ಒಂದು ಮಾತು ಕೇಳಬೇಕಾ? ಕೇಳಿ, ಧಾರಾಳವಾಗಿ ಕೇಳಿ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ.

...ಹೂಂ, ಇಬ್ಬರನ್ನೇ ಮಹಡಿ ಮೇಲೆ ಮಾತಾಡೋಕೆ ಕಳಿಸಿದ್ವಿ... ತಮಾಷೆಗೆ ವಾಚನ್ನ ಅವಳ ಕೈಗೆ ಕಟ್ಟಿದನಾ? ಕಳ್ಳಿ, ನಮಗೆ ಹೇಳೇ ಇಲ್ಲ ನೋಡಿ!... ಎಷ್ಟು ತೋರಿಸ್ತಂತೆ?

...ನಲವತ್ತೊಂದಾ?

...ವಾಚು ಕೆಟ್ಟಿರುತ್ತೆ ಬಿಡಿ... ಎರಡೂ ಕೈಗೆ ಕಟ್ಟಿ ನೋಡಿದನಾ?... ಅಷ್ಟು ಮೆಟ್ಟಿಲು ಹತ್ತಿ ಹೋಗಿದ್ಲಲ್ಲ, ಆದ್ರೂ ಅಷ್ಟೇನಾ?... ಆಮೇಲೆ ತಾನು ಕಟ್ಟಿಕೊಂಡ್ರೆ ಅವನದು ತೊಂಬತ್ತೆಂಟಾ? ಗಾಬರಿಗಾ?

...ಇಲ್ಲ, ಅವಳು ಓಡಲ್ಲ. ಬೀದಿ ಕೊನೆ ಅಂಗಡಿಗೂ ಸ್ಕೂಟರ್ರೇ. ಆದ್ರೆ ಬಲು ಶಾಂತ ಹುಡುಗಿ ರೀ. ಸ್ವಭಾವ ಶಾಂತ ಇದ್ರೆ ಬಡಿತಾನೂ ಹಂಗೇ... ಅಲ್ವಾ?

...ತಲೆ ಸುತ್ತುತ್ತೆ ಅಂತ ಅವಳೇ ಹೇಳಿದಳಾ? ಅದು ಸಂಕಷ್ಟಿ ಉಪವಾಸ ರೀ, ಹೊಟ್ಟೆ ಖಾಲಿ ಇರುತ್ತೆ. ಈಗಿನ ಹುಡುಗೀರಲ್ಲಿ ಯಾರಿಗೆ ತಲೆ ಸುತ್ತಲ್ಲ ಹೇಳಿ?

...ಡಾಕ್ಟರಿಗಾ? ಇಲ್ಲ, ತೋರಿಸಿಲ್ಲ. ಮದುವೆ ವಯಸ್ಸಿನ ಹುಡುಗಿ ಅಲ್ವಾ, ನಾಲ್ಕು ಜನರ ಕಿವಿಗೆ ಬಿದ್ರೆ... ಅಣ್ಣ ಕರ್ಕೊಂಡು ಹೋಗೋಣ ಅಂದಿದ್ದ. ಮದುವೆ ಒಂದಾಗಲಿ, ಆಮೇಲೆ ನೋಡೋಣ ಅಂತ...

...ನಾನು. ನಾನೇ ಅಂದೆ.

...ಬೈದುಬಿಡಿ, ಮಂದಾಕಿನಿಬಾಯಿ. ನನಗೆ ಭಯ ಆಗ್ತಿದೆ.

...ಯಾರು, ಅಜಿಂಕ್ಯನಾ? ಹೇಳಪ್ಪ... ಹಾಂ... ಹಾಂ... ಮದುವೆ ಮಾತು ಆಮೇಲೆ, ಮೊದಲು ಡಾಕ್ಟರು... ಇವತ್ತೇನಾ? ಆಯ್ತಪ್ಪ, ಇವತ್ತೇ... ಏನು ಕೇಳಿದೆ? ಯಾವತ್ತಾದ್ರೂ ಪ್ರಜ್ಞೆ ತಪ್ಪಿ ಬಿದ್ದಿದ್ದಾಳಾ ಅಂತಾನಾ?

...ಡಾಕ್ಟರು ಮೊದಲು ಕೇಳೋದೇ ಅದನ್ನಾ?... ಒಂದು ನಿಮಿಷ ತಾಳು, ಬಾಗಿಲು ಹಾಕಿ ಬರ್ತೀನಿ... ಬಿದ್ದಿದ್ದಾಳಪ್ಪ. ಮೂರು ಸಲ.

...ಹಲೋ? ಅಜಿಂಕ್ಯಾ? ಕೇಳಿಸ್ಲಿಲ್ವಾ? ಮೂರು ಸಲ ಅಂದೆ... ಹಲೋ... ಜೋರಾಗಿ ಹೇಳೋಕಾಗಲ್ಲಪ್ಪ, ಹೊರಗೆ ಜನ ಇದ್ದಾರೆ... ಹಲೋ! ಮೂರು ಸಲ! ನಮ್ಮ ಹುಡುಗಿ ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ ಕಣಪ್ಪಾ! ಹಲೋ? ಹಲೋ...